ಕೈಬಿಟ್ಟ ಹದಿನೇಳನೇ ಪ್ರಶ್ನೆ

ಮಾನ್ಯ ಅಧ್ಯಕ್ಷರಾದ ಡಾಕ್ಟರ್ ಕಿಯೂಮರ್ಸಿ ಅವರೇ, ತೆಹರಾನಿನಿಂದ ದಯಮಾಡಿಸಿರುವ ಅತಿಥಿಗಳೇ, ನಮ್ಮ ನರ್ಸಿಂಗ್ ಕಾಲೇಜಿನ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಕಾಶಾನ್ ಊರಿನ ಹಿರಿಯರೇ, ಸಭಿಕರೇ,

ನೀವು ಕೊಟ್ಟ ಈ ಫಲಕ ಭಾರವಾಗಿದೆ. ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಭಾರವಾಗಿದೆ. ಮೇಜಿನ ಮೇಲಿಟ್ಟು ಮಾತಾಡುತ್ತೇನೆ.

ಫಾರ್ಸಿ ಮಾತಾಡುವ ನಮ್ಮ ಹಿರಿಯರನ್ನು ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಎಷ್ಟು ತಾತ್ಸಾರದಿಂದ ಕಾಣುತ್ತಾರೆ ಎಂದು ಅಳೆಯುವ ಪ್ರಶ್ನಾವಳಿ ಮಾಡಿದ್ದಕ್ಕೆ ಈ ಸನ್ಮಾನ. ಅಳೆಯುವುದು ಸುಲಭವೇ? ನಮ್ಮವರ ಮನೆಗೆ ಹೋಗಿ, ನಿಮ್ಮನ್ನು ಯಾರಾದರೂ ಕಡೆಗಣಿಸಿದ್ದಾರಾ ಎಂದು ಕೇಳಿ ನೋಡಿ. "ಅಯ್ಯೋ ಬಿಡ್ತು ಅನ್ನಿ, ಎಲ್ರೂ ತಲೆ ಮೇಲೆ ಇಟ್ಕೊಂಡಿದ್ದಾರೆ, ನೀವು ಮೊದ್ಲು ಸೌತೆಕಾಯಿ ತಗೊಳ್ಳಿ" ಅನ್ನುತ್ತಾ ಉಪಚಾರದ ತಟ್ಟೆ ಮುಂದಿಡುತ್ತಾರೆ. ಮೊದಲ ಮೂರು ತಿಂಗಳು ನಮ್ಮ ತಂಡಕ್ಕೆ ಸಿಕ್ಕಿದ್ದು ಬರೀ ಸೌತೆಕಾಯಿ. ನಗಿ, ಪರವಾಗಿಲ್ಲ.

ಆಮೇಲೆ ಹನ್ನೆರಡು ಜನ ಹಿರಿಯರನ್ನು ಒಟ್ಟಿಗೆ ಕೂರಿಸಿ ಮಾತಾಡಿಸಿದೆವು. ಒಬ್ಬರು ಕಡಿಮೆ ಬಿದ್ದರೆಂದು ನನ್ನ ತಾಯಿಯನ್ನೇ ಕರೆತಂದೆ. ಬದ್ರಿ ಖಾನುಂ, ನಲವತ್ತು ವರ್ಷ ರತ್ನಗಂಬಳಿ ನೇಯ್ದವಳು. ಮೊದಲು ಬಾಯಿಬಿಟ್ಟವಳು ಅವಳೇ. "ಡಾಕ್ಟ್ರು ನನ್ನ ಎದುರಿಗೇ ಕೂತಿರ್ತಾರೆ. ನನ್ನ ಬಿಟ್ಟು ಮಗಳನ್ನ ಕೇಳ್ತಾರೆ, ಅಮ್ಮಂಗೆ ಎಲ್ಲಿ ನೋವು ಅಂತ. ನೋವು ನಂದು ಕಣ್ರೀ, ನನ್ನ ನಾಲಿಗೆ ಬಿದ್ದುಹೋಗಿದ್ಯಾ?" ಉಳಿದ ಹನ್ನೊಂದು ಜನ ಒಮ್ಮೆಲೇ ಮಾತಾಡತೊಡಗಿದರು. ಅದೇ ನಮ್ಮ ಹದಿನೇಳನೇ ಪ್ರಶ್ನೆಯಾಯಿತು: ನಿಮ್ಮ ಎದುರಿನಲ್ಲೇ ನಿಮ್ಮ ವಿಷಯವನ್ನು ಬೇರೆಯವರನ್ನು ಕೇಳುತ್ತಾರೆಯೇ?

ನಾನೂರು ಹಿರಿಯರಿಗೆ ಪ್ರಶ್ನಾವಳಿ ಹಂಚಿದೆವು. ಹದಿನೇಳಕ್ಕೆ ಬಹುತೇಕ ಎಲ್ಲರದ್ದೂ 'ಎಂದೂ ಇಲ್ಲ'. ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆ ಏನನ್ನೂ ಅಳೆಯುವುದಿಲ್ಲ, ಅದು ನಮ್ಮ ಶಾಸ್ತ್ರದ ನಿಯಮ. ಕೈಬಿಟ್ಟೆವು. ಮನೆಯಲ್ಲಿ ಹೇಳಿದಾಗ ಅಮ್ಮ, "ಹಾಗಾದ್ರೆ ನಂಗೊಬ್ಳಿಗೇ ಹಾಗಾಗೋದು ಅನ್ನು" ಅಂದಳು.

ಕಳೆದ ಚಳಿಗಾಲದಲ್ಲಿ ಅವಳು ಕುಂಟತೊಡಗಿದಳು. ಡಾಕ್ಟರು ನನ್ನನ್ನು ಕೇಳಿದರು. ಮಂಡಿ, ಮಗ್ಗದ ಮುಂದೆ ಕೂತೂ ಕೂತೂ ಸವೆದಿದೆ, ಎಂದು ನಾನು ಹೇಳಿದೆ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ಏನೋ ಹೇಳಹೊರಟಳು. "ನಾನು ಹೇಳ್ತಿದ್ದೀನಲ್ಲಮ್ಮ" ಅಂದೆ. ಐದು ತಿಂಗಳು ಮಂಡಿಗೆ ಮುಲಾಮು ಹಚ್ಚಿದೆ. ಕೊನೆಗೆ ಎಕ್ಸ್‌ರೇ ತೆಗೆಸಿದರೆ, ಬಿರುಕು ಬಿಟ್ಟಿದ್ದು ಸೊಂಟದ ಮೂಳೆ. ಅವಳು ಇನ್ನು ನಡೆಯಲಾರಳು. ಇದನ್ನು ಇಲ್ಲಿ ಹೇಳಬೇಕೆಂದುಕೊಂಡು ಬಂದಿರಲಿಲ್ಲ, ಕ್ಷಮಿಸಿ.

ಅದೇ ವಾರ ಕಪಾಟು ತೆಗೆದು ಆ ನಾನೂರು ಕಾಗದಗಳನ್ನು ಮತ್ತೆ ನೋಡಿದೆ. ಕೊನೆಯಲ್ಲಿ 'ತುಂಬಿದವರು' ಎಂದೊಂದು ಜಾಗವಿತ್ತು. ಕಣ್ಣು ಕಾಣುವುದಿಲ್ಲವೆಂದು, ಕೈ ನಡುಗುತ್ತದೆಂದು, ಪೆನ್ನು ಹಿಡಿದವರೆಲ್ಲ ಮಗ, ಮಗಳು, ಸೊಸೆ. ನಾವು ಯಾರನ್ನು ಅಳೆದೆವು ಸಭಿಕರೇ? ಅಮ್ಮನ ಕಾಗದವೂ ಅಲ್ಲಿತ್ತು. ಅವಳೇ ಹುಟ್ಟಿಸಿದ ಪ್ರಶ್ನೆಗೆ 'ಎಂದೂ ಇಲ್ಲ' ಎಂದು ಗುರುತು ಹಾಕಿದ್ದವಳು ನಾನು. ಆತುರದಲ್ಲಿದ್ದೆನೋ ಏನೋ. ಅವಳನ್ನು ಕೇಳಿದ ನೆನಪು ಮಾತ್ರ ನನಗಿಲ್ಲ.

ಅಧ್ಯಕ್ಷರೇ, ಹದಿನೇಳನ್ನು ವಾಪಸು ಸೇರಿಸಿ, ಹಿರಿಯರ ಬಾಯಿಂದಲೇ ಕೇಳಿ, ಮೊದಲಿಂದ ಶುರುಮಾಡೋಣ. ಅಲ್ಲಿಯವರೆಗೆ ಈ ಫಲಕ ಕಾಲೇಜಿನಲ್ಲೇ ಇರಲಿ.

ಇನ್ನೊಂದು ಮಾತು. ಬೆಳಿಗ್ಗೆ ಸಂಘಟಕರು, "ತಾಯಿಯವರೂ ವೇದಿಕೆಗೆ ಬರ್ತಾರಾ?" ಎಂದು ಕೇಳಿದರು. ಯಾರನ್ನು ಕೇಳಿದರು? ನನ್ನನ್ನು. "ಇಲ್ಲ, ಅವರಿಗೆ ಆಯಾಸವಾಗುತ್ತೆ" ಅಂದೆ. ಅಮ್ಮ ಹೂವಿನ ಚಿತ್ತಾರದ ಹೊಸ ಚಾದರವನ್ನು ತಲೆಯಿಂದ ಹೊದ್ದು ಗಾಲಿಕುರ್ಚಿಯಲ್ಲಿ ಪಕ್ಕದಲ್ಲೇ ಇದ್ದಳು. ಈಗ ಇಲ್ಲೇ ಮುಂದಿನ ಸಾಲಿನಲ್ಲಿದ್ದಾಳೆ.

ಅಮ್ಮಾ, ವೇದಿಕೆ ಮೇಲೆ ಬರ್ತೀಯಾ?

ದಯವಿಟ್ಟು ಪಕ್ಕದವರು ಹೇಳಿಕೊಡಬೇಡಿ. ನಾನು ಕಾಯುತ್ತೇನೆ.

ಹಿಂದೆ ಕುಳಿತವರಿಗೆ ಕಾಣುತ್ತಿಲ್ಲ, ಅದಕ್ಕೆ ಹೇಳುತ್ತೇನೆ. ಅವಳು ನನ್ನ ಮುಖ ನೋಡುತ್ತಿದ್ದಾಳೆ. ಏನು ಹೇಳಿದರೆ ನನಗೆ ಸರಿಹೋದೀತು ಎಂದು ನೋಡುತ್ತಿದ್ದಾಳೆ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಕೃತಜ್ಞಳಾಗಿದ್ದೇನೆ. ನಾನೇ ಕೆಳಗಿಳಿದು ಅವಳ ಹತ್ತಿರ ಹೋಗುತ್ತೇನೆ. ನಮಸ್ಕಾರ.