ಸಂಕ್ರಾಂತಿಯಲ್ಲಿ ಮಿಕ್ಕ ಎಳ್ಳು

ಹಲೋ... ಹಲೋ, ಯಾರು ಮಾತಾಡ್ತಿರೋದು? ಊರ್ಮಿಳಾ ಅಲ್ವಾ?

...

ಓ, ಬದರಿನಾಥ್ ಅಂಕಲ್ಲಾ. ಅಂಕಲ್, ನಾನು ಶ್ರೀಲತಾ. ಪ್ರತಾಪ್ ಹೆಂಡತಿ. ಮೊನ್ನೆ ಸಂಕ್ರಾಂತಿಗೆ ನಿಮ್ಮ ಮಗಳ ಮನೆಗೆ ಎಳ್ಳು ಬೀರಕ್ಕೆ ಬಂದಿದ್ನಲ್ಲ, ಮಗಳನ್ನ ಕರ್ಕೊಂಡು... ಹಾಂ, ಹಾಂ, ಅದೇ, ಸಿಂಚನಳ ಅಮ್ಮ. ಊರ್ಮಿಳಾನ ಸ್ವಲ್ಪ ಕರೀತೀರಾ? ಅರ್ಜೆಂಟು.

...

ಇಲ್ವಾ? ಎಲ್ಲಿಗೆ ಹೋದ್ಲು? ... ಡೆಂಟಿಸ್ಟ್ ಹತ್ರಾನಾ. ಎಷ್ಟೊತ್ತಿಗೆ ಬರ್ತೀನಿ ಅಂದ್ಲು? ... ಮೂರು ಗಂಟೆಗೆ. ಮೂರು ಗಂಟೆಗೆ ಬಂದು ಏನು ಪ್ರಯೋಜನ, ಅಯ್ಯೋ ದೇವರೇ.

...

ಚೆನ್ನಾಗಿದೀನಿ ಅಂಕಲ್. ಇಲ್ಲ, ಚೆನ್ನಾಗಿಲ್ಲ. ಕಾಫಿ ಆಯ್ತು, ಆ ಕಾಫಿ ಕುಡಿಯೋವಾಗ್ಲೇ ಗೊತ್ತಾಗಿದ್ದು ಇದೆಲ್ಲ. ಮನೇಲಿ ಇನ್ಯಾರೂ ಇಲ್ವಾ? ... ನೀವೊಬ್ರೇನಾ. ಸರಿ, ನಿಮಗೇ ಹೇಳ್ತೀನಿ. ಮಧ್ಯ ಮಾತಾಡ್ಬೇಡಿ, ತಪ್ಪು ತಿಳ್ಕೋಬೇಡಿ, ನಂಗೆ ಕೈಕಾಲೇ ಆಡ್ತಿಲ್ಲ.

...

ಇವತ್ತು ಚೈನೀಸ್ ನ್ಯೂ ಇಯರ್. ಅವರ ಯುಗಾದಿ ಅನ್ಕೊಳ್ಳಿ. ಈ ಸಲ ಹುಲಿ ವರ್ಷವಂತೆ. ಸಿಂಚನ ಕ್ಲಾಸಲ್ಲಿ ಒಂದೂವರೆಗೆ ಪಾರ್ಟಿ ಇದೆ. ಅವಳ ಪಕ್ಕ ಕೂತ್ಕೊಳ್ಳೋ ಮೇಲಿಂಗ್ ಅಂತ ಒಂದು ಚೈನೀಸ್ ಮಗು. ಅದರ ತಾಯಿ ಕೆಲಸಕ್ಕೆ ಹೋಗ್ತಾರೆ, ಅವರಿಗೆ ಪುರಸೊತ್ತಿಲ್ಲ. ನಾನು ಮನೇಲೇ ಇರ್ತೀನಿ, ಎಳ್ಳಿನ ಕುಕ್ಕಿ ನಾನೇ ಮಾಡ್ಕೊಡ್ತೀನಿ ಅಂತ ಒಪ್ಕೊಂಡೆ. ಅವರೇ ರೆಸಿಪಿ ಬರೆದು ಕಳಿಸಿದ್ರು. ಮೇಲೇನೇ ಬರೆದಿದ್ರು, ತುಂಬಾ ಈಸಿ ಅಂತ.

...

ಹೂಂ, ನಮ್ಮ ಎಳ್ಳೇ, ಬಿಳೀದು. ಬೆಣ್ಣೆ, ಸಕ್ಕರೆ, ಮೈದಾ ಕಲಸಿ ಉಂಡೆ ಮಾಡಿ, ಎಳ್ಳಲ್ಲಿ ಹೊರಳಿಸಿ ಅವನ್‌ನಲ್ಲಿಡೋದು, ಹನ್ನೆರಡು ನಿಮಿಷ. ಅವರು ಮೊಟ್ಟೆ ಸವರಿ ಅಂದಿದ್ರು, ನಾನು ಹಾಲು ಸವರಿದೆ. ಅಂಕಲ್, ರೆಸಿಪಿ ಊರ್ಮಿಳಾಗೆ ಆಮೇಲೆ ಕೊಡ್ತೀನಿ. ನಿಮ್ಮ ಗಡಿಯಾರದಲ್ಲಿ ಟೈಮ್ ಎಷ್ಟು?

...

ಒಂದೂ ಹದಿನೈದಾ. ನಮ್ಮನೇದು ಹದಿನೇಳು ತೋರಿಸ್ತಿದೆ. ಯಾವುದು ಸರೀನೋ. ಕೇಳಿ, ಆ ಮೇಲಿಂಗ್‌ಗೆ ಕಡಲೆಕಾಯಿ ಆಗಲ್ಲ. ಅಲರ್ಜಿ.

...

ಪಿತ್ತ ಅಲ್ಲ ಅಂಕಲ್. ಗಂಧೆ ಏಳೋದೂ ಅಲ್ಲ. ಗಂಟಲು ಊದ್ಕೊಂಡು ಉಸಿರೇ ಕಟ್ಟಿಹೋಗತ್ತಂತೆ. ಒಂದು ಚೂರು ಸಾಕಂತೆ. ಹೋದ ವರ್ಷ ಆಸ್ಪತ್ರೇಲಿ ಎರಡು ದಿನ ಇಟ್ಕೊಂಡಿದ್ರು... ಗೊತ್ತು, ಗೊತ್ತು, ನಮ್ಮ ಕಡೆ ಕಡಲೆಕಾಯಿ ತಿಂದು ಯಾರಿಗೂ ಏನೂ ಆಗಿಲ್ಲ. ನಾನೂ ಮೊದ್ಲು ಕೇಳಿದಾಗ ನಕ್ಕುಬಿಟ್ಟಿದ್ದೆ. ಬಸವನಗುಡಿ ಪರಿಷೆ ಕಂಡೋಳು ನಾನು, ಕಡಲೆಕಾಯಿಗೆ ಹೆದರ್ತಾರೆ ಅಂದ್ರೆ ನಗು ಬರಲ್ವಾ.

...

ಹಾಕಿಲ್ಲ ಅಂಕಲ್, ಬೇಕು ಅಂತ ಯಾರು ಹಾಕ್ತಾರೆ. ಎಳ್ಳು ಸಾಲ್ಲಿಲ್ಲ. ಇಪ್ಪತ್ತೆರಡು ಮಕ್ಕಳು. ಈ ಅಮೆರಿಕದ ಅಂಗಡೀಲಿ ಎಳ್ಳು ಸಿಗೋದು ಹೆಬ್ಬೆರಳುದ್ದದ ಬಾಟ್ಲೀಲಿ. ನಮ್ಮ ಎಳ್ಳು ಬೇಕು ಅಂದ್ರೆ ಇಂಡಿಯನ್ ಅಂಗಡಿ ಇರೋ ಡಿಕೇಟರ್‌ಗೇ ಹೋಗ್ಬೇಕು, ಪ್ರತಾಪ್ ಕರ್ಕೊಂಡು ಹೋಗೋದು ಶನಿವಾರ ಮಾತ್ರ. ಡಬ್ಬದಲ್ಲಿ ನೋಡಿದ್ರೆ ಸಂಕ್ರಾಂತೀದು ಮಿಕ್ಕಿತ್ತು. ಎಳ್ಳುಬೆಲ್ಲ.

...

ಹಾಂ. ಅದೇ. ನಿಮಗೆ ಗೊತ್ತಾಯ್ತಲ್ಲ ಈಗ.

...

ಜರಡಿ ಹಿಡಿದೆ ಅಂಕಲ್. ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ ಎಲ್ಲ ಮೇಲೆ ನಿಲ್ತು, ಎಳ್ಳು ಕೆಳಗೆ ಬಿತ್ತು. ಅಷ್ಟಕ್ಕೇ ಬಿಡ್ಲಿಲ್ಲ, ತಟ್ಟೇಲಿ ಹರಡಿ ಕೈಯಲ್ಲಿ ಆರಿಸಿದೆ, ಅಕ್ಕೀಲಿ ಕಲ್ಲು ಆರಿಸ್ತೀವಲ್ಲ ಹಾಗೆ. ಆರಿಸಿಬಿಟ್ರೆ ಆಯ್ತು, ಇನ್ನು ಬರೀ ಎಳ್ಳು ತಾನೇ ಅನ್ಕೊಂಡೆ. ಜಾಣತನದ ಕೆಲಸ ಮಾಡ್ದೆ, ಡಬ್ಬಾನೂ ಖಾಲಿ ಆಯ್ತು ಅಂತ ಖುಷೀನೂ ಪಟ್ಟೆ. ಈಗ ಕಾಫಿ ಜೊತೆ ಮಿಕ್ಕಿದ್ದೊಂದು ಕುಕ್ಕಿ ಬಾಯಿಗೆ ಹಾಕ್ಕೊಂಡೆ, ಹಲ್ಲಿಗೆ ಕಡಲೆಬೀಜದ ಚೂರು ಸಿಕ್ತು. ಕಾಫಿ ಲೋಟ ಅಲ್ಲೇ ಬಿಟ್ಟೆ. ಚೂರೇ ಇದೆ ಅಂದ್ಮೇಲೆ ಪುಡಿ ಎಷ್ಟಿಲ್ಲ ಹೇಳಿ.

...

ಫೋನ್ ಮಾಡಿದೆ. ಸ್ಕೂಲಿಗೆ ಒಂಬತ್ತು ಸಲ ಮಾಡಿದೀನಿ. ಎಂಗೇಜು, ಎಂಗೇಜು, ಒಂದ್ಸಲ ಮೆಷೀನ್ ಮಾತಾಡ್ತು, ಅದಕ್ಕೂ ಹೇಳ್ದೆ. ಆ ಮೆಷೀನ್ ಯಾರು ಯಾವಾಗ ಕೇಳ್ತಾರೋ. ಪ್ರತಾಪ್ ಪೇಜರ್‌ಗೆ ಮೂರು ಸಲ ಹಾಕ್ದೆ. ಮೀಟಿಂಗ್‌ನಲ್ಲಿದ್ರೆ ಅದನ್ನ ಡ್ರಾಯರ್‌ನಲ್ಲಿ ಹಾಕಿಡ್ತಾರೆ ಮಹಾರಾಯರು. ನೈನ್ ಒನ್ ಒನ್ ಎಮರ್ಜೆನ್ಸಿಗೆ ಮಾಡಿದ್ರೆ ನನ್ನ ಮನೆಗೇ ಬರ್ತಾರೇನೋ ಅಂತ ಭಯ, ಇಲ್ಲಿ ಬಂದು ಏನು ಮಾಡ್ತಾರೆ.

...

ಕಾರಿಲ್ಲ. ಇದ್ರೂ ನಂಗೆ ಲೈಸೆನ್ಸ್ ಇಲ್ಲ. ನಡೆದ್ರೆ ಮುಕ್ಕಾಲು ಗಂಟೆ, ದಾರೀಲಿ ಸೈಡ್‌ವಾಕೂ ಇಲ್ಲ. ಅದಕ್ಕೇ ನಿಮ್ಮ ಮನೆ ಜ್ಞಾಪಕಕ್ಕೆ ಬಂದಿದ್ದು. ಅಂಕಲ್, ನಿಮ್ಮ ಅಡಿಗೆಮನೆ ಕಿಟಕಿಯಿಂದ ಸ್ಕೂಲಿನ ಗ್ರೌಂಡ್ ಕಾಣತ್ತಲ್ವಾ? ... ಫೋನ್ ವೈರ್ ಸಾಲತ್ತೆ, ಸ್ವಲ್ಪ ಎಳೀರಿ, ಕಿತ್ಕೊಂಡು ಬರಲ್ಲ. ಮಕ್ಕಳಿದಾರಾ ನೋಡಿ.

...

ಇದಾರಾ? ಸಣ್ಣೋರಾ ದೊಡ್ಡೋರಾ? ... ಎಲ್ಲ ಕೆಂಪುಕೆಂಪಾಗಿದಾರಾ. ಅದೇ ಕ್ಲಾಸು. ಹಬ್ಬಕ್ಕೆ ಕೆಂಪು ಹಾಕ್ಕೊಂಡು ಬನ್ನಿ ಅಂದಿದ್ರು. ಸಿಂಚನಂಗೆ ರೇಷ್ಮೆ ಲಂಗ ಹಾಕಿ ಕಳಿಸಿದೀನಿ, ಕಾಣ್ತಾಳಾ? ... ಕಂಡ್ಲಾ. ಅವಳ ಪಕ್ಕ ಎರಡು ಜುಟ್ಟಿನ ಹುಡುಗಿ? ... ಕೈ ಹಿಡ್ಕೊಂಡಿದಾರಾ. ಅದೇ ಅಂಕಲ್. ಅದೇ ಮಗು ಮೇಲಿಂಗ್. ಸದ್ಯ, ಇನ್ನೂ ಪಾರ್ಟಿ ಶುರುವಾಗಿಲ್ಲ. ನೀವು ಈಗ್ಲೇ ಹಿಂದಿನ ಬಾಗಿಲಿಂದ ಹೋಗಿ ಅಂಕಲ್, ನಿಮ್ಮ ಯಾರ್ಡ್ ದಾಟಿದ್ರೆ ಗ್ರೌಂಡು. ಎರಡು ನಿಮಿಷ ಆಗಲ್ಲ.

...

ಯಾಕಾಗಲ್ಲ?

...

ಅಲಾರಮ್ಮಾ. ಊರ್ಮಿಳಾ ಆನ್ ಮಾಡಿ ಹೋಗಿದಾಳಾ? ನಿಮ್ಮನ್ನ ಒಳಗಿಟ್ಟು ಆನ್ ಮಾಡ್ತಾಳಾ ಅವಳು? ... ಹೂಂ, ಕಳ್ಳರು ಬರಬಾರದು ಅಂತಾನೇ. ನಂಬರ್ ಗೊತ್ತಾ ನಿಮಗೆ? ... ಹೇಳಿಕೊಟ್ಟಿದ್ಲು, ಮರೆತುಹೋಗಿದೆ. ಸರಿ. ಕಿಟಕಿ ತೆಗೆದ್ರೂ ಬಡ್ಕೊಳ್ಳತ್ತಾ? ಅದಕ್ಕೂ ಹಾಕಿದಾರಾ.

...

ಪೊಲೀಸ್ ಬಂದ್ರೆ ಬರ್ಲಿ ಅಂಕಲ್. ಹೋದ ವಾರ ನೀವು ಮರೆತು ಬಾಗಿಲು ತೆಗೆದಾಗ ಬಂದಿದ್ರು, ಗೊತ್ತು, ಊರ್ಮಿಳಾ ಹೇಳಿದ್ಲು. ನಿಮಗೆ ನಾಚಿಕೆ ಆಗಿದೆ, ಅಳಿಯಂದಿರ ಮುಂದೆ ತಲೆ ಎತ್ತಕ್ಕಾಗ್ಲಿಲ್ಲ, ಎಲ್ಲ ಗೊತ್ತು. ಆದ್ರೆ ವೀಸಾ ಮೇಲೆ ಬಂದೋರನ್ನ ಬಾಗಿಲು ತೆಗೆದಿದ್ದಕ್ಕೆ ಯಾರೂ ವಾಪಸ್ ಕಳಿಸಲ್ಲ. ಬೈದ್ರೆ ನನ್ನ ಹೆಸರು ಹೇಳಿ. ನಾನು ಬಂದು ಕ್ಷಮೆ ಕೇಳ್ತೀನಿ ನಿಮ್ಮ ಅಳಿಯನ್ನ.

...

ಒಂದು ವಿಷಯ, ಬಾಗಿಲು ತೆಗೆದ್ರೆ ಈ ಫೋನ್ ಕಟ್ ಆಗಿಬಿಡತ್ತೆ. ಅಲಾರಮ್ ಹೊಡ್ಕೊಂಡು ಒಂದರ್ಧ ನಿಮಿಷಕ್ಕೆ ಲೈನ್‌ನ ಅದೇ ಎಳ್ಕೊಂಡು ಅವರ ಕಂಪನಿಗೆ ಫೋನ್ ಮಾಡತ್ತಂತೆ, ಹೋದ ಸಲ ಹಾಗೇ ಆಯ್ತು ಅಂದಿದ್ಲು. ಅಂದ್ರೆ ಆಮೇಲೆ ನನ್ನ ಕೇಳಕ್ಕಾಗಲ್ಲ ನೀವು. ಹೇಳ್ಬೇಕಾಗಿದ್ದೆಲ್ಲ ಈಗ್ಲೇ ಹೇಳ್ತೀನಿ.

...

ಏನು ಹೇಳೋದು ಅಂದ್ರೆ... ಕುಕ್ಕಿ ಹಾಳಾಗಿದೆ ಅಂತ ಹೇಳಿ. ಬೆಣ್ಣೆ ಕಮಟು ಹಿಡಿದಿತ್ತಂತೆ, ಮಕ್ಕಳಿಗೆ ಕೊಡ್ಬೇಡಿ, ಎಸೆದುಬಿಡಿ ಅಂತ ಹೇಳಿ. ಅಷ್ಟು ಸಾಕು.

...

ಯಾಕೆ ಅಂತ ಕೇಳ್ತೀರಾ. ನಾನು ಸಹಿ ಹಾಕಿದೀನಿ ಅಂಕಲ್. ಮನೆಯಿಂದ ತಿಂಡಿ ತಂದ್ರೆ ಒಂದು ಫಾರ್ಮ್ ಕೊಡ್ತಾರೆ, ಇದರಲ್ಲಿ ಕಡಲೆಕಾಯಿ ಇಲ್ಲ ಅಂತ ಬರೆದಿರತ್ತೆ. ಕೈಯಾರೆ ಸಹಿ ಹಾಕಿ ಕಳಿಸಿದೀನಿ. ಕೇಸ್ ಹಾಕ್ತಾರೋ ಏನು ಮಾಡ್ತಾರೋ. ಅದೂ ಅಲ್ಲ, ಸುಳ್ಳು ಯಾಕೆ ಹೇಳ್ಲಿ, ಕೇಸಿಗೆ ಹೆದರಿದ್ದಕ್ಕಿಂತ ಮರ್ಯಾದೆಗೆ ಹೆದರಿದ್ದು. ಈ ಊರಿಗೆ ಬಂದು ಮೂರು ವರ್ಷ ಆಯ್ತು. ಆ ಸ್ಕೂಲಲ್ಲಿ ನಾನು ಬರೀ ಸಿಂಚನಾಸ್ ಮಾಮ್. ಮೊನ್ನೆ ಕುಕ್ಕಿ ನಾನು ಮಾಡ್ತೀನಿ ಅಂದಾಗ ಟೀಚರು ಥ್ಯಾಂಕ್ ಯೂ ಶ್ರೀಲತಾ ಅಂದ್ರು. ಪೂರ್ತಿ ಹೆಸರು, ಒಂದಕ್ಷರ ತಪ್ಪಿಲ್ಲ. ಇವತ್ತು ಅದೇ ಹೆಸರು ಹೇಳಿ, ಆ ಹೆಂಗಸು ಮಗೂನ ಕೊಲ್ಲಕ್ಕೆ ಹೊರಟಿದ್ಲು ಅಂದ್ರೆ? ದಡ್ಡಿ, ಓದುಬರಹ ಬರಲ್ಲ ಅಂತಾನೇ ತಾನೇ ಅನ್ಕೊಳ್ಳೋದು.

...

ಹಾಂ, ಬೈರಿ. ನೀವು ಬೈದ್ರೆ ನಂಗೇನೂ ಬೇಜಾರಿಲ್ಲ. ಹೋಗಿ ಅಂಕಲ್ ಬೇಗ.

...

ಏನು? ವಿಶಲ್ ಊದಿದ್ರಾ? ಲೈನ್ ನಿಲ್ತಿದಾರಾ?

...

ಕೂತಿದಾಳೆ ಅಂದ್ರೆ? ಯಾರು ಕೂತಿದಾಳೆ?

...

ಮೇಲಿಂಗಾ? ಎಲ್ಲಿ, ಬೆಂಚ್ ಮೇಲಾ? ... ಸಿಂಚನ ಏನು ಮಾಡ್ತಿದಾಳೆ? ... ಪಕ್ಕದಲ್ಲಿ ನಿಂತಿದಾಳಾ. ಲೈನಿಗೆ ಹೋಗಿಲ್ವಾ ಇಬ್ಬರೂ. ಷೂ ಲೇಸ್ ಕಟ್ಕೋತಿದಾಳಾ ನೋಡಿ ಅಂಕಲ್, ಸರಿಯಾಗಿ ನೋಡಿ, ಕನ್ನಡಕ ಹಾಕ್ಕೊಂಡಿದೀರಾ? ... ಕಾಣ್ತಿಲ್ಲ. ಬಗ್ಗಿದಾಳೆ, ಅಷ್ಟೇನಾ. ಕೈ ಎಲ್ಲಿದೆ ಅವಳದು?

...

ಕತ್ತಿನ ಹತ್ರಾನಾ. ಅಯ್ಯೋ.

...

ಇದೀನಿ, ಲೈನಲ್ಲೇ ಇದೀನಿ. ಅಂಕಲ್, ಬೆಳಿಗ್ಗೆ ಸಿಂಚನ ಎರಡು ಕುಕ್ಕಿ ತೊಗೊಂಡು ಲಂಚ್‌ಬಾಕ್ಸಲ್ಲಿ ಹಾಕ್ಕೊಂಡ್ಲು. ಯಾಕೆ ಎರಡು ಅಂದೆ. ಒಂದು ನಂಗೆ, ಒಂದು ಮೇಲಿಂಗ್‌ಗೆ ಅಂದ್ಲು. ಎಳ್ಳು ಬೀರೋ ಥರ ಅಮ್ಮ, ಅಂದ್ಲು. ನಾನು ಮುದ್ದು ಮಾಡಿ ಕಳಿಸಿದೆ. ಈಗ ಊಟ ಮುಗಿಸಿಯೇ ತಾನೇ ಆಡಕ್ಕೆ ಬಂದಿರೋದು ಅವರು.

...

ಇಲ್ಲ, ಬೇಡ. ಹಾಳಾಗಿದೆ ಅಂತ ಹೇಳ್ಬೇಡಿ. ಆ ಬೆಣ್ಣೆ ಮಾತು ಬಿಟ್ಟುಬಿಡಿ, ಅದು ನನ್ನ ಕೆಟ್ಟ ಬುದ್ಧಿ. ಹೊಟ್ಟೆನೋವು ಅನ್ಕೊಂಡು ನೀರು ಕುಡಿಸಿ ಕೂರಿಸಿಬಿಡ್ತಾರೆ. ಪೀನಟ್ ಅಂತ ಹೇಳಿ. ಮೊದಲನೇ ಮಾತೇ ಪೀನಟ್ ಆಗಿರ್ಲಿ. ಪೀನಟ್ ಇನ್ ದ ಕುಕ್ಕೀಸ್, ಮೇಲಿಂಗ್ ಮೇ ಹ್ಯಾವ್ ಈಟನ್ ಒನ್. ನರ್ಸ್ ಹತ್ರ ಆ ಮಗು ಹೆಸರಲ್ಲಿ ಇಂಜೆಕ್ಷನ್ ಇದೆ, ಪೆನ್ನಿನ ಥರ ಇರತ್ತೆ, ತೊಡೆಗೆ ಚುಚ್ತಾರೆ. ಅದು ತರ್ಸಿ ಅನ್ನಿ. ಏನು ಹೇಳ್ತೀರಾ, ಒಂದ್ಸಲ ಹೇಳಿ ನೋಡೋಣ.

...

ಹಾಂ. ಹಾಂ, ಸರಿಯಾಗಿದೆ. ನಿಮ್ಮ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿದೆ. ಯಾರು ಹೇಳಿದ್ರು ಅಂತ ಕೇಳೇ ಕೇಳ್ತಾರೆ. ಶ್ರೀಲತಾ ಹೇಳಿದ್ಲು ಅನ್ನಿ. ಮಾಡಿದೋಳೇ ಹೇಳ್ತಿದಾಳೆ, ಸಹಿ ತಪ್ಪು ಅಂತ ಒಪ್ಕೊಂಡಿದಾಳೆ ಅನ್ನಿ. ಅನುಮಾನ ಪಟ್ಕೊಂಡು ನಿಂತ್ಕೋಬಾರದು ಅವರು.

...

ಸಿಂಚನಂಗೆ ಏನೂ ಹೇಳ್ಬೇಡಿ. ಅವಳೇ ಕೊಟ್ಟಿದ್ದು ಅಂತ ಅವಳ ಮುಂದೆ ಮಾತ್ರ ಆಡ್ಬೇಡಿ ಅಂಕಲ್. ಅವಳಿಗೆ ಏಳು ವರ್ಷ. ಅಮ್ಮ ಮಾಡಿದ್ದು, ಅಮ್ಮಂದೇ ತಪ್ಪು, ಅಷ್ಟೇ.

...

ಚಪ್ಪಲಿ ಹಾಕ್ಕೊಳ್ಳಿ, ಹೊರಗೆ ಚಳಿ. ಕೋಟು... ಬೇಡ, ಕೋಟು ಬಿಡಿ. ಅಂಕಲ್?

...

ಅಂಕಲ್, ಕೇಳಿಸ್ತಿದ್ಯಾ? ಫೋನ್ ಕೆಳಗಿಟ್ರಾ?

...

ಬಾಗಿಲು ತೆಗೆದ್ರಾ. ಬಡ್ಕೋತಿದೆ, ನಂಗೂ ಕೇಳ್ತಿದೆ. ಹೆದರ್ಕೊಂಡು ನಿಂತ್ಕೋಬೇಡಿ, ಅದು ಬಡ್ಕೊಳ್ಳಲಿ. ಮೆಟ್ಟಿಲಿದೆ, ನಿಧಾನ, ನಿಮಗೆ ಮಂಡಿ ನೋವು... ಇಲ್ಲ, ಬೇಡ, ನಿಧಾನ ಬೇಡ. ಓಡಿ ಅಂಕಲ್. ನಿಮ್ಮ ಕಾಲಿಗೆ ಬೀಳ್ತೀನಿ, ಓಡಿ. ಶ್ರೀಲತಾ ಅಂತ ಹೇಳಿ, ನಾನೇ ಅಂತ