ಇಬ್ಬರೂ ಗುಂಡಿ ಒತ್ತಿದಾಗ

ಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಆಗಲೇ ಗಡಿಯಾರ ನೋಡತೊಡಗಿರುವ ಟ್ಯಾಕ್ಸಿ ಚಾಲಕ ಮಿತ್ರರೇ, ಮೂರನೇ ಸಾಲಿನಲ್ಲಿ ಮುಖ ತಿರುಗಿಸಿ ಕೂತಿರುವ ನನ್ನ ಅಕ್ಕನೂ ಸೇರಿದಂತೆ ಸಮಸ್ತ ಸಭಿಕರೇ,

ನಿಮ್ಮ ವೈರ್‌ಲೆಸ್ ಗಲಾಟೆ ನಿಲ್ಲಿಸಿದೆನೆಂದು ಈ ಸನ್ಮಾನ. ನಾನು ಮಾಡಿದ್ದಾದರೂ ಏನು? ಇಷ್ಟೊಂದು ಟ್ಯಾಕ್ಸಿಗಳಿಗೆ ಇದ್ದದ್ದು ಒಂದೇ ಚಾನೆಲ್. ಒಬ್ಬರು ಗುಂಡಿ ಒತ್ತಿ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ. ಇಬ್ಬರು ಒಟ್ಟಿಗೆ ಒತ್ತಿದರೆ ಕೇಳುವವರಿಗೆ ಬರೀ 'ಕರ್‌ರ್', ಒತ್ತಿದ ಇಬ್ಬರಿಗೆ ಅದೂ ಕೇಳುವುದಿಲ್ಲ. ಮೊದಮೊದಲು ನೀವೆಲ್ಲ ಮರ್ಯಾದಸ್ಥರಾಗಿ ಕಾಯುತ್ತಿದ್ದಿರಿ. ಆಗ ನಮ್ಮ 'ಗುಡುಗು' ಅಣ್ಣ ಒಬ್ಬರೇ ಕಾಯದೆ ಮೊದಲೇ ಬಾಯಿ ಹಾಕತೊಡಗಿದರು. ಬಾಡಿಗೆಗಳೆಲ್ಲ ಅವರ ಪಾಲಾದವು. ಅದನ್ನು ಕಂಡು ನೀವೂ ಗುಡುಗತೊಡಗಿದಿರಿ. ಎಲ್ಲರೂ ಗುಡುಗಿದ ಮೇಲೆ ಬಾಡಿಗೆ ಸಿಕ್ಕಿದ್ದು ಯಾರಿಗೆ? ಯಾರಿಗೂ ಇಲ್ಲ! ಗೆದ್ದವರನ್ನು ನೋಡಿ ಉಳಿದವರು ನಡತೆ ಬದಲಿಸುವ ಈ ಆಟದ ಲೆಕ್ಕಕ್ಕೆ ನಮ್ಮ ಗಣಿತದ ಮೇಷ್ಟ್ರುಗಳಲ್ಲಿ 'ವಿಕಾಸಾತ್ಮಕ ಆಟದ ಸಿದ್ಧಾಂತ' ಎನ್ನುತ್ತಾರೆ. ಹೆದರಬೇಡಿ, ನನ್ನ ಹೆಂಡತಿಯೂ ಹೆದರಲಿಲ್ಲ, ಕೇಳುತ್ತಲೇ ನಿದ್ದೆಹೋದಳು. ನುಗ್ಗುವುದು, ಕಾಯುವುದು ಎರಡೂ ಹದವಾಗಿ ಬೆರೆತರೆ ಚಾನೆಲ್ ನೆಮ್ಮದಿಯಾಗಿರುತ್ತದೆ. ಆ ಹದವನ್ನು ಈಗ ನಾನು ಮಾಡಿಕೊಟ್ಟ ಹೊಸ ವೈರ್‌ಲೆಸ್ ಸೆಟ್ಟುಗಳೇ ನೋಡಿಕೊಳ್ಳುತ್ತವೆ.

ಅವನ್ನು ಅಳವಡಿಸುವ ಹಿಂದಿನ ದಿನ ಕಂಟ್ರೋಲ್ ರೂಮಿನಲ್ಲಿ ಅಕ್ಕನಿಗೂ ನನಗೂ ಜಟಾಪಟಿ. ನಿಮಗೆಲ್ಲ ಬಾಡಿಗೆ ಹಂಚುವವಳು ಅವಳೇ ತಾನೆ? "ನನ್ನ ಡ್ರೈವರ್‌ಗಳ ಬಾಯಿಗೆ ಬೀಗ ಹಾಕೋಕೆ ಬಂದ್ಯೇನೋ?" ಎಂದಳು. ನಾನೂ ಏನೋ ಅಂದು ಟ್ಯಾಕ್ಸಿ ಹತ್ತಿದೆ. ಮೊದಲ ತಿರುವು ದಾಟುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಚಾಲಕರ ಮೈಕ್ ಇಸಿದುಕೊಂಡು, "ಅಕ್ಕಾ, ಸಿಟ್ಟು ಬಿಡು, ರಾತ್ರಿ ಊಟಕ್ಕೆ ಬಾ" ಎಂದೆ. ಉತ್ತರವಿಲ್ಲ. ಎಷ್ಟು ಬಿಂಕ ಎಂದುಕೊಂಡೆ! ಆಮೇಲೆ ಎರಡು ವರ್ಷ ಮಾತಿಲ್ಲ, ಕತೆಯಿಲ್ಲ. ಅವಳು ಬಾರದ ಮನೆಯಲ್ಲಿ ನನ್ನ ಜೋಕಿಗೆ ನಗುವವರೇ ಇಲ್ಲ ಸ್ವಾಮಿ. ತುಂಬಾ ಬೇಜಾರಾಗುತ್ತಿತ್ತು.

ಈಗಷ್ಟೇ, ಸಭೆಗೆ ಮುಂಚೆ ಕಾಫಿ ಕುಡಿಯುವಾಗ ಗುಡುಗು ಅಣ್ಣ ಹೇಳಿದರು: "ಅವತ್ತು ನಾನು ರೂಮಲ್ಲೇ ಇದ್ದೆ ಸಾರ್. ನೀವು ಹೋದ ಕೂಡ್ಲೇ ನಿಮ್ಮ ಅಕ್ಕಾವ್ರೂ ಗುಂಡಿ ಒತ್ತಿ ನಿಮ್ಮನ್ನೇ ಕರೆದ್ರು. ನೀವು ಉತ್ತರಾನೇ ಕೊಡಲಿಲ್ಲ ಅಂತ ಅತ್ತುಬಿಟ್ರು."

ಇಬ್ಬರೂ ಒಟ್ಟಿಗೇ ಒತ್ತಿದ್ದೆವು! ಆಮೇಲೆ ಇಬ್ಬರೂ ಒಟ್ಟಿಗೇ ಕಾದೆವು. ಎಲ್ಲರೂ ಕಾಯುವವರೇ ಇರುವ ಕಡೆ ಮೊದಲು ಬಾಯಿಬಿಟ್ಟವನಿಗೆ ದಾರಿ ಪೂರಾ ಖಾಲಿ ಎಂದು ನಾನೇ ಪುಸ್ತಕ ಬರೆದಿದ್ದೇನೆ. ಓದಿದವರು ಯಾರು? ಬರೆದವನೇ ಸರಿಯಾಗಿ ಓದಿಲ್ಲ.

ಈ ಸಭಾಂಗಣದಲ್ಲಿ ಇರುವುದು ಒಂದೇ ಮೈಕ್, ಅದು ನನ್ನ ಕೈಯಲ್ಲಿದೆ. ಅಕ್ಕಾ, ರಾತ್ರಿ ಊಟಕ್ಕೆ ಬಾ.

ನೋಡಿ, ನೋಡಿ! ನಾನು ಬಾಯಿ ತೆಗೆದ ಗಳಿಗೆಯಲ್ಲೇ ಅವಳೂ ಎದ್ದು ಏನೋ ಅಂದಳು. ಮತ್ತೆ 'ಕರ್‌ರ್'! ನಗಬೇಡಿ, ಈ ಸಲ ನಾನು ಕಾಯುತ್ತೇನೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ಯಾರಾದರೂ ಈ ಮೈಕನ್ನು ಮೂರನೇ ಸಾಲಿಗೆ ಕೊಟ್ಟುಬಿಡಿ. ನಮಸ್ಕಾರ.