ಹದಿನಾಲ್ಕನೇ ಕೊಕ್ಕೆ

ಬಾವಿ ಹತ್ತಿರ ಬಂದಾಗ ಮಲ್ಲಿಗಮ್ಮ ಟಾರ್ಚು ಆರಿಸಿದಳು.

ಒಂಬತ್ತೂವರೆ ಆಗಿತ್ತು. ಕಾಲೋನಿಯ ದಾರಿದೀಪಗಳು ಕೆಟ್ಟು ಎಷ್ಟೋ ವರ್ಷ ಆಗಿದೆ. ಆಲದ ಮರದ ಕೆಳಗೆ ಕತ್ತಲು ಇನ್ನೂ ದಪ್ಪ. ಅವಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಗಂಡನಿಗೆ ಸದ್ದು ಕೇಳಬಾರದು... ಆ ಇನ್ನೊಬ್ಬಳಿಗೂ ಕೇಳಬಾರದು.

ಇದು ನಮ್ಮ ಚಿಕ್ಕಪ್ಪನ ಕೊನೆಯ ಮಗಳು ಮಲ್ಲಿಗಮ್ಮನಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ. ಅವಳಿಗೇ ಆದದ್ದು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಒಂದು ಸಕ್ಕರೆ ಕಾರ್ಖಾನೆ ಇತ್ತು. ಮೊದಲು ಅಲ್ಲಿ ಇಪ್ಪತ್ತು ಮನೆಯ ಹಳ್ಳಿ. ಕಂಪನಿ ಬಂತು, ಹಳ್ಳಿ ಎದ್ದು ಹೋಯಿತು. ಬಾವಿ ಮತ್ತು ಆಲದ ಮರ ಮಾತ್ರ ಉಳಿದವು. ಅವುಗಳ ಸುತ್ತ ಕಾಲೋನಿ ಕಟ್ಟಿದರು. ಗಾಳಿ ಬರುವ ಕಡೆ ಆಫೀಸರುಗಳ ಬಂಗಲೆ. ಆಮೇಲೆ ಎ ಲೈನು, ಬಿ ಲೈನು. ಚಿಮಣಿ ಮಸಿ ಬಂದು ಬೀಳುವ ಕಡೆ ಸಿ ಲೈನು. ಒಗೆದು ಹಾಕಿದ ಬಿಳಿ ಪಂಚೆಯನ್ನು ನೋಡಿಯೇ ಯಾವ ಲೈನಿನವನು ಅಂತ ಹೇಳಬಹುದಿತ್ತಂತೆ. ಎಲ್ಲ ಮನೆಗೂ ಒಂದೇ ಹಸಿರು ಬಾಗಿಲು, ಒಂದೇ ಕಾಕಂಬಿಯ ವಾಸನೆ, ಗೋಡೆ ತುಂಬ ಒಂದೇ ಇರುವೆ ಸಾಲು. ಕಾರ್ಖಾನೆ ಮುಚ್ಚಿ ಹನ್ನೆರಡು ವರ್ಷ ಆದರೂ ಆ ಇರುವೆಗಳು ಮಾತ್ರ ಊರು ಬಿಟ್ಟಿಲ್ಲ. ಹಾಲಿನ ಪಾತ್ರೆ ಒಂದು ಗಳಿಗೆ ಕೆಳಗಿಟ್ಟರೆ ಮುತ್ತಿಕೊಳ್ಳುತ್ತವೆ.

ಮಲ್ಲಿಗಮ್ಮ ಬೆಳಕವಾಡಿಯವಳು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡು ಮೂವತ್ತೆಂಟು ವರ್ಷ ವಯಸ್ಸಾಗುವ ತನಕ ಅಣ್ಣನ ಮನೆಯ ಮೂಲೆಯಲ್ಲಿ ಇದ್ದಳು. ತಾಯಿ ಹೋದ ಮೇಲೆ, ಹೆಂಡತಿ ಸತ್ತಿದ್ದ ಸಿದ್ದರಾಜುವಿಗೆ ಮದುವೆ ಮಾಡಿಕೊಟ್ಟರು. ಸಿ ಲೈನು, ಹದಿನಾಲ್ಕನೇ ನಂಬರು. ತನ್ನ ಒಲೆ, ತನ್ನ ಬಾಗಿಲು, ತನ್ನ ಗಂಡ ಅಂತ ಅವಳಿಗೆ ಸಿಕ್ಕಿದ್ದು ಬದುಕಿನಲ್ಲಿ ಅದೊಂದೇ.

ಆದರೆ ಆ ಮನೆಯಲ್ಲಿ ಅವಳಿಗಿಂತ ಮೊದಲು ಅಂಕಮ್ಮ ಇದ್ದಳು.

ಕಾಲೋನಿಯಲ್ಲಿ ಯಾರ ಬಾಯಲ್ಲಿ ನೋಡಿದರೂ ಅಂಕಮ್ಮ. ಅಂಕಮ್ಮನ ಬಸ್ಸಾರು, ಅಂಕಮ್ಮ ಹಾಕುತ್ತಿದ್ದ ರಂಗೋಲಿ, ಅಂಕಮ್ಮನ ನಗು. ಮದುವೆಯ ದಿನ ಪಟದ ಮುಂದೆ ನಿಲ್ಲಿಸಿ, "ಅಕ್ಕಾ ಅಂತ ಒಂದ್ಸಲ ಕರೆದು ಕೈ ಮುಗಿಯವ್ವ" ಅಂದರು. ಮಲ್ಲಿಗಮ್ಮ ಕೈ ಮುಗಿದಳು. ಅಕ್ಕಾ ಅನ್ನಲಿಲ್ಲ. ಆಮೇಲೂ ಆ ಹೆಸರು ಬಂದರೆ ಎದ್ದು ಹೋಗುತ್ತಿದ್ದಳು. ಅವಳು ಹೇಗೆ ಸತ್ತಳು ಅಂತ ಕೂಡ ಕೇಳಲಿಲ್ಲ.

ಇನ್ನೊಂದು ಹೊಟ್ಟೆಯುರಿ ಸಕ್ಕರೆಯದು. ಪ್ರತಿ ವರ್ಷ ಕಬ್ಬು ನುರಿಯಲು ಶುರುವಾದಾಗ ಪಾತ್ರೆಯಿಂದ ಇಳಿದ ಮೊದಲ ಸಕ್ಕರೆಯನ್ನು ಆ ವರ್ಷ ಕಾಲೋನಿಗೆ ಬಂದ ಹೊಸ ಸೊಸೆಯರಿಗೆ ಕೊಡುತ್ತಿದ್ದರು. ಆಯಾ ಮನೆಯ ಹಿರಿಯ ಹೆಂಗಸೇ ಬಿಸಿಬಿಸಿಯಾಗಿ ತಂದು ಮಡಿಲಿಗೆ ಹಾಕಬೇಕು. ಅದು ಬಿದ್ದ ಮೇಲೆ ಅವಳು ಕಾಲೋನಿಯವಳು. ಪಕ್ಕದ ಮನೆಯ ಜಾನ್ ಬೀಗೂ ಅವಳ ಅತ್ತೆ ತಂದು ಹಾಕಿದ್ದಳಂತೆ. ಮಲ್ಲಿಗಮ್ಮ ಬರುವ ಹೊತ್ತಿಗೆ ಕಾರ್ಖಾನೆಯೂ ಇಲ್ಲ, ಮನೆಯಲ್ಲಿ ಹಿರಿಯ ಹೆಂಗಸೂ ಇಲ್ಲ. ಆರು ವರ್ಷ ಆದರೂ ನಲ್ಲಿಯ ಹತ್ತಿರ ಅವಳನ್ನು 'ಬೆಳಕವಾಡಿಯವಳು' ಅಂತಲೇ ಕರೆಯುತ್ತಿದ್ದರು.

ಹೋದ ವರ್ಷ ಆಯುಧಪೂಜೆ ಕಳೆದ ಮೇಲೆ, ಕಾರ್ಖಾನೆಯ ಹಳೆ ಯಂತ್ರ ಕಾಯಲು, ಮೊದಲು ಅಲ್ಲೇ ದುಡಿದಿದ್ದ ಸಿದ್ದರಾಜುವನ್ನು ರಾತ್ರಿ ಕಾವಲಿಗೆ ಹಾಕಿಕೊಂಡರು. ಮತ್ತೆ ರಾತ್ರಿ ಪಾಳಿ. ಮತ್ತೆ ಗೇಟಿಗೆ ಬುತ್ತಿ.

ಗೇಟಿನ ಪಕ್ಕ ತಗಡಿನ ಚಪ್ಪರದ ಕೆಳಗೆ ಒಂದು ಉದ್ದನೆಯ ಹಲಗೆ. ಅದರ ತುಂಬ ಕಬ್ಬಿಣದ ಕೊಕ್ಕೆ. ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ ಮನೆ ನಂಬರು. ಹೆಂಗಸರು ಒಳಗೆ ಹೋಗುವ ಹಾಗಿರಲಿಲ್ಲ. ಕ್ಯಾರಿಯರ್ ತಂದು ತಮ್ಮ ನಂಬರಿನ ಕೊಕ್ಕೆಗೆ ತಗುಲಿಸಿ ಹೋಗಬೇಕು. ಗಂಡಸರು ಹೊತ್ತಿಗೆ ಬಂದು ತೆಗೆದುಕೊಂಡು, ಉಂಡು, ತೊಳೆದು ಮತ್ತೆ ಅಲ್ಲೇ ತಗುಲಿಸುವುದು. ಬೆಳಗ್ಗೆ ಹಾಲಿಗೆ ಹೋದವರು ತರುವುದು.

ಮೊದಲ ದಿನ ಮಲ್ಲಿಗಮ್ಮ ಕ್ಯಾರಿಯರ್ ಹಿಡಿದು ಹಲಗೆಯ ಮುಂದೆ ನಿಂತಳು. ಹದಿನಾಲ್ಕರ ಪಕ್ಕ ಯಾರೋ ಮೊಳೆಯಲ್ಲಿ ಚಿಕ್ಕದಾಗಿ 'ಅಂ' ಅಂತ ಕೆತ್ತಿದ್ದರು. ಅಂಕಮ್ಮನ 'ಅಂ'. ಇಪ್ಪತ್ತೆರಡು ವರ್ಷ ಅವಳು ತಗುಲಿಸಿದ ಕೊಕ್ಕೆ... ಉಜ್ಜಿ ಉಜ್ಜಿ ನಡುವೆ ಸವೆದು ಹೋಗಿತ್ತು. ಮಲ್ಲಿಗಮ್ಮ ಮುಖ ತಿರುಗಿಸಿ ಹದಿನೈದಕ್ಕೆ ತಗುಲಿಸಿದಳು. ಹದಿನೈದನೇ ಮನೆ ಹೇಗೂ ಖಾಲಿ. ಗಂಡನಿಗೆ ಹೇಳಲೂ ಇಲ್ಲ. ಹೇಳಬೇಕಾದರೆ ಕಾರಣ ಹೇಳಬೇಕಲ್ಲ.

ಬೆಳಗ್ಗೆ ನೋಡಿದರೆ ಕ್ಯಾರಿಯರ್ ತುಂಬಿದ ಹಾಗೇ ಇತ್ತು. ಮುದ್ದೆ ಕಲ್ಲಾಗಿತ್ತು. ಹದಿನಾಲ್ಕರಲ್ಲಿ ಏನೂ ಇರಲಿಲ್ಲ.

"ಉಂಡ್ಯಾ?" ಅಂದಳು, ಗಂಡ ಮನೆಗೆ ಬಂದಾಗ.

"ಊ ಕಣಮ್ಮಿ. ಹೊಟ್ಟೆ ತುಂಬ ಉಂಡೆ."

ಎರಡನೇ ದಿನವೂ ಹಾಗೇ. ಮೂರನೇ ದಿನ ಅವಳು ಕಳಿಸಿದ್ದು ಹುರುಳಿಕಾಳು ಸಾರು. ಮಾರನೇ ಬೆಳಗ್ಗೆ ಸಿದ್ದರಾಜು ಮುಖ ಒರೆಸಿಕೊಳ್ಳುತ್ತಾ, "ರಾತ್ರಿ ಕೀರೆ ಸೊಪ್ಪಿನ ಬಸ್ಸಾರು ಬಲೇ ಚಂದಾಗಿತ್ತು ಕಣಮ್ಮಿ" ಅಂದ. "ಈಟ್ ದಿನ ಎಲ್ಲಿ ಮಡಗಿದ್ದೆ ಆ ಕೈರುಚೀನಾ?"

ಬೇರೆ ಯಾರೋ ತಂದು ಉಣ್ಣಿಸುತ್ತಿದ್ದಾರೆ ಅಂತ ಮಲ್ಲಿಗಮ್ಮನಿಗೆ ಆಗ ಹೊಳೆಯಿತು. ಕೇಳಿದರೆ ಹುಷಾರಾಗಿಬಿಡುತ್ತಾನೆ. ತುಂಬಿದ ಕ್ಯಾರಿಯರ್ ಅವನಿಗೆ ತೋರಿಸದೆ ಹಿತ್ತಲಲ್ಲಿ ನಾಯಿಗೆ ಸುರಿದಳು. ಸುರಿಯುತ್ತಾ ಒಬ್ಬೊಬ್ಬರನ್ನೇ ಎಣಿಸಿದಳು. ಬಿ ಲೈನಿನಲ್ಲಿ ಬಟ್ಟೆ ಹೊಲಿಯುವ ರಂಜಿತ... ಸಿದ್ದರಾಜು ಕಂಡರೆ ಸಾಕು, ಹಲ್ಲು ಬಿಡುತ್ತಾಳೆ. ಅವಳೇ ಇರಬೇಕು. ಅಣ್ಣನ ಮನೆಯ ಆ ಮೂಲೆ ಕಣ್ಣ ಮುಂದೆ ಬಂತು. ವಾಪಸ್ಸು ಅಲ್ಲಿಗೆ ಹೋಗಬೇಕಾ?

ಹಾಗಾಗಿ ಆ ರಾತ್ರಿ, ಎಂಟಕ್ಕೆ ಕ್ಯಾರಿಯರ್ ತಗುಲಿಸಿ ಮನೆಗೆ ಹೋದವಳು ಒಂಬತ್ತೂವರೆಗೆ ಬರಿಗಾಲಲ್ಲಿ ವಾಪಸ್ಸು ಬಂದಳು. ಕಬ್ಬಿನ ಗಾಡಿ ತೂಗುತ್ತಿದ್ದ ಹಳೇ ಮನೆಯ ಗೋಡೆಗೆ ಒರಗಿ ನಿಂತಳು. ಅಲ್ಲಿಂದ ಹಲಗೆ ಹತ್ತೇ ಹೆಜ್ಜೆ.

ತಗಡು 'ಚಿಟ್... ಚಿಟ್' ಅಂತ ತಣ್ಣಗಾಗುತ್ತಿತ್ತು. ಒಳಗೆಲ್ಲೋ ಗಂಡನ ಕೆಮ್ಮು. ಆಮೇಲೆ ಅದೂ ನಿಂತಿತು.

ಹತ್ತಾಗುತ್ತಾ ಬಂದಿರಬೇಕು.

ಬಾವಿಯ ಕಡೆಯಿಂದ ಸದ್ದು ಬಂತು. ಕಿಟ್... ಕಿಟ್... ಕಿಟ್... ಕ್ಯಾರಿಯರ್ ಹಿಡಿ ಹೆಜ್ಜೆಗೊಂದು ಸಲ ಕಿರುಗುಟ್ಟುವ ಸದ್ದು. ಹೆಜ್ಜೆಯ ಸದ್ದು ಮಾತ್ರ ಇಲ್ಲ. ತಲೆ ತುಂಬ ಸೆರಗು ಹೊದ್ದ ಒಬ್ಬ ಹೆಂಗಸು ಅವಳ ಪಕ್ಕದಲ್ಲೇ ಹಾದು ಹೋದಳು. ಕಾಯಿಸಿದ ಕಬ್ಬಿನಹಾಲಿನ ವಾಸನೆ ಗಪ್ಪಂತ ಬಡಿಯಿತು. ಹಲಗೆಯ ಮುಂದೆ ನಿಂತಳು. ತಡವಲಿಲ್ಲ, ಹುಡುಕಲಿಲ್ಲ. ಟಕ್. ತಗುಲಿಸಿದಳು.

ಮಲ್ಲಿಗಮ್ಮನಿಗೆ ಹೆದರಿಕೆ ಆಗಲಿಲ್ಲ. ಸಿಟ್ಟು ಬಂತು. ಸಿಕ್ಕಿಬಿದ್ದಳು ಅನ್ನಿಸಿತು. ಹಿಂದಿನಿಂದ ಹೋಗಿ ನಿಂತು, ಗಂಡನಿಗೆ ಕೇಳದ ಹಾಗೆ ಪಿಸುಗುಟ್ಟಿದಳು.

"ಯಾರ್ ಗಂಡಂಗೆ ಯಾರೇ ಬುತ್ತಿ ತರೋದು? ನಾಚ್ಕೆ ಆಗಾಕಿಲ್ವಾ?"

ಹೆಂಗಸು ತಿರುಗಲಿಲ್ಲ. "ಮೆತ್ತಗ್ ಮಾತಾಡವ್ವ... ಪಾಳೀಲವ್ರೆ" ಅಂದಳು.

"ಅವ್ರಂತೆ, ಅವ್ರು! ಯಾವ್ ಲೈನೇ ನಿಂದು? ಬೊಗಳೇ."

"ಸಿ ಲೈನು."

"ನಂಬರು?"

"ಹದ್ನಾಕು."

ಮಲ್ಲಿಗಮ್ಮನಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ.

"ಅದು... ಅದು ನಮ್ಮಟ್ಟಿ ಕಣೇ."

"ಊ ಕಣವ್ವ" ಅಂದಳು ಅವಳು ಮೆತ್ತಗೆ. "ನಮ್ಮಟ್ಟೀನೇಯ."

ತಗಡು 'ಚಿಟ್' ಅಂದಿತು.

"ಬಚ್ಚಲ ಇಂದ್ಗಡೆ ಕರಿಬೇವು... ಬಂತಾ?"

ಬಚ್ಚಲ ಹಿಂದಿನ ಕರಿಬೇವು ಈಗ ಸೂರಿನ ಎತ್ತರ. ಆರು ವರ್ಷದಿಂದ ಮಲ್ಲಿಗಮ್ಮ ದಿನಾ ಅದರಿಂದ ಎಲೆ ಕೀಳುತ್ತಿದ್ದಾಳೆ. ಯಾರು ನೆಟ್ಟದ್ದು ಅಂತ ಒಂದು ದಿನವೂ ಕೇಳಿರಲಿಲ್ಲ.

"ನೀ... ನೀ ಯಾಕ್ ತತ್ತೀಯ?"

"ಕೊಕ್ಕೆ ಖಾಲಿ ಇತ್ತು."

ಕೊಕ್ಕೆಯ ಮೇಲೆ ಬೆರಳಾಡಿಸುತ್ತಾ ಅಂದಳು, "ಖಾಲಿ ಇದ್ರೆ ಉಪಾಸ ಇರ್ತಾರೆ. ಒಂದಿನ ಇದ್ರು."

ಗೇಟಿನ ಚಿಕ್ಕ ಬಾಗಿಲು 'ಕರ್ರ್' ಅಂತ ತೆರೆಯಿತು. ಸಿದ್ದರಾಜು ಬೀಡಿ ಕಚ್ಚಿಕೊಂಡು ಹೊರಗೆ ಬಂದ. ಮಲ್ಲಿಗಮ್ಮ ಗೋಡೆಗೆ ಒತ್ತಿಕೊಂಡಳು. ಹಲಗೆಯ ಮುಂದೆ ಯಾರೂ ಇರಲಿಲ್ಲ. ಅವನು ಟಾರ್ಚು ಹಾಕಲಿಲ್ಲ, ಕತ್ತು ಎತ್ತಲಿಲ್ಲ. ಕೈ ತಾನಾಗಿ ಹದಿನಾಲ್ಕಕ್ಕೆ ಹೋಯಿತು. ಇಪ್ಪತ್ತೆರಡು ವರ್ಷ ಹೋದ ಕೈ... ಕ್ಯಾರಿಯರ್ ಎತ್ತಿಕೊಂಡು ಒಳಗೆ ಹೋದ. ಹದಿನೈದರ ಮೇಲೆ ಅವಳ ಕ್ಯಾರಿಯರ್ ಹಾಗೇ ತೂಗುತ್ತಿತ್ತು. ಅವನ ಮೊಣಕೈ ಅದಕ್ಕೆ ತಾಗಿ ಸಣ್ಣಗೆ 'ಟಣ್' ಅಂದಿತ್ತು. ಅವನು ನೋಡಲಿಲ್ಲ.

ಮಲ್ಲಿಗಮ್ಮ ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಚಪ್ಪಲಿ ಬಾವಿಯ ಹತ್ತಿರ ಬಿದ್ದುಹೋಯಿತು. ಹೋಗಿ ಬಡಿದಿದ್ದು ಜಾನ್ ಬೀಯ ಬಾಗಿಲು.

ಮುದುಕಿ ಎಲ್ಲ ಕೇಳಿದಳು. ನಗಲಿಲ್ಲ. ನೀರು ಕೊಟ್ಟು, ತಾನೂ ಒಂದು ಗುಟುಕು ಕುಡಿದಳು.

"ಎಷ್ಟು ಸಲ ಹೇಳಕ್ ಬಂದೆ ನಿಂಗೆ? ಅಂಕಮ್ಮ ಅಂದ್ರೆ ಸಾಕು, ದುಸುಕ್ ಅಂತ ಎದ್ದು ಹೋಗ್ತಿದ್ದೆ."

"ಈಗ ಯೋಳು ಜಾನಮ್ಮ."

"ಏನ್ ಹೇಳ್ಲಿ? ಕಾರ್ಖಾನೆ ನಡೆದ ಕೊನೇ ವರ್ಷ. ರಾತ್ರಿ ಪಾಳಿಗೆ ಬುತ್ತಿ ತಗೊಂಡು ಹೋಗ್ತಾ ಇದ್ಲು. ಬಾವಿ ತಾವ ಕಬ್ಬಿನ ಟ್ರ್ಯಾಕ್ಟರು ಹಿಂದಕ್ಕೆ ಬಂತು, ಕತ್ಲಲ್ಲಿ ಡ್ರೈವರ್‌ಗೆ ಕಾಣಿಸ್ಲಿಲ್ಲ... ಅಲ್ಲೇ ಜೀವ ಹೋಯ್ತು. ಅವಳ ಹೆಣ ಸಿಕ್ತು. ಕ್ಯಾರಿಯರ್ ಸಿಗ್ಲಿಲ್ಲ ಕಣೇ. ನಮ್ಮೆಜಮಾನ್ರು ಫಕ್ರುದ್ದೀನ್ ಇದ್ರಲ್ಲ, ಅವರು ಬಾವಿಗೆ ಇಳಿದೂ ನೋಡಿದ್ರು."

"ಇವ್ರು?"

"ನಿನ್ ಗಂಡಾನಾ? ಒಳಗಿದ್ದ, ಏನೂ ಗೊತ್ತಿಲ್ಲ. ಖಾಲಿ ಕೊಕ್ಕೆ ನೋಡಿ, ಮಲ್ಕೊಂಡ್ಬಿಟ್ಟವ್ಳೆ ಸೋಮಾರಿ ಅಂತ ಬೈಕೊಂಡು ಬೆಳಗಾನ ಉಪವಾಸ ದುಡಿದ. ಆಮೇಲೆ ಬಂದು ಹೇಳಿದ್ರು." ಜಾನ್ ಬೀ ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಅದ್ನ ಅವ್ನು ಯಾರ ಹತ್ರಾನೂ ಮಾತಾಡಲ್ಲ."

ಮಾರನೇ ದಿನ ಮಲ್ಲಿಗಮ್ಮ ಗಂಡನಿಗೆ ಏನೂ ಹೇಳಲಿಲ್ಲ. ಹೆದರಿಕೆ ಇಳಿದಿತ್ತು, ಹೊಟ್ಟೆಯುರಿ ಇಳಿದಿರಲಿಲ್ಲ. ಬದುಕಿದ್ದವಳಾದರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಸತ್ತವಳು ಬಂದು ಉಣ್ಣಿಸುತ್ತಾಳೆ, ಬದುಕಿದ್ದವಳ ಅನ್ನ ನಾಯಿಗೆ... ಸಂಜೆ ಕೀರೆ ಸೊಪ್ಪು ತಂದಳು. ಬೇಕಂತಲೇ ಬಸ್ಸಾರು. ಕರಿಬೇವಿನ ಮುಂದೆ ಒಂದು ಗಳಿಗೆ ನಿಂತು, ಒಂದು ಎಸಳು ಕಿತ್ತಳು.

ಏಳೂವರೆಗೇ ಹಲಗೆಯ ಮುಂದೆ ಇದ್ದಳು. ಹದಿನಾಲ್ಕು. ಕೈ ಮುಂದೆ ಹೋಗಲಿಲ್ಲ. ಸೆರಗಿನ ತುದಿಯಿಂದ ನಂಬರಿನ ಮೇಲಿನ ದೂಳು ಒರೆಸಿದಳು, 'ಅಂ' ಅನ್ನೂ ಒರೆಸಿದಳು. ತಗುಲಿಸಿದಳು. ಟಕ್.

ಆಮೇಲೆ ಬಾವಿಯ ಕಡೆಗೆ ತಿರುಗಿ, ಯಾರಿಗೂ ಕೇಳದ ಹಾಗೆ ಅಂದಳು.

"ಕೊಕ್ಕೆ ತುಂಬ್ಯದೆ ಕಣಕ್ಕ... ಇನ್ ನೀನು ಬರಬ್ಯಾಡ. ನಾನಿವ್ನಿ."

ಆರು ವರ್ಷದಲ್ಲಿ ಮೊದಲ ಸಲ ಅಕ್ಕ ಅಂದದ್ದು.

ಆ ರಾತ್ರಿ ನಿದ್ದೆ ಬರಲಿಲ್ಲ. ಕಿಟ್ ಕಿಟ್ ಅನ್ನುವ ಸದ್ದಿಗೆ ಕಿವಿ ಕೊಟ್ಟು ಮಲಗಿದ್ದಳು. ಒಂದು ಸಲವೂ ಬರಲಿಲ್ಲ.

ಬೆಳಗ್ಗೆ ಹಾಲಿಗೆ ಹೋಗಿ ಬರುವಾಗ ಕ್ಯಾರಿಯರ್ ತಂದು, ತೆರೆಯಲು ಧೈರ್ಯ ಸಾಲದೆ ಒಲೆಯ ಪಕ್ಕ ಇಟ್ಟಳು. ಆರೂವರೆಗೆ ಸಿದ್ದರಾಜು ಸೈಕಲ್ಲು ಒರಗಿಸಿ ಒಳಗೆ ಬಂದ.

"ಏನಮ್ಮಿ, ರಾತ್ರಿ ಉಪ್ಪು ಸುರ್ದ್ಬುಟ್ಟಿದ್ದೀಯಾ? ಬಾಯಿಗೆ ಇಡಂಗಿಲ್ಲ! ನಿನ್ ಗ್ಯಾನ ಎಲ್ಲಿತ್ತು?"

ಮಲ್ಲಿಗಮ್ಮ ಅವನ ಮುಖ ನೋಡಿದಳು. ನಗು ಬಂತು. ಹಿಂದೆಯೇ ಅಳು ಬಂತು.

"ಬಯ್ಯಿ" ಅಂದಳು. "ಇನ್ನೂ ಒಸಿ ಬಯ್ಯಿ."

"ತಲೆ ಕೆಟ್ಟದೆ ನಿಂಗೆ" ಅಂದುಕೊಂಡು ಅವನು ಬಚ್ಚಲಿಗೆ ಹೋದ.

ಆಗ ಕ್ಯಾರಿಯರ್ ಬಿಚ್ಚಿದಳು. ಮೇಲಿನ ಡಬ್ಬಿ ಖಾಲಿ, ತೊಳೆದಿತ್ತು. ನಡುವಿನದೂ ಖಾಲಿ. ಕೆಳಗಿನದು ಭಾರ ಇತ್ತು... ಮುಚ್ಚಳ ತೆಗೆದಳು. ಸಕ್ಕರೆ. ದಪ್ಪ ಹರಳು, ಸ್ವಲ್ಪ ಹಳದಿ. ಕೈ ಇಟ್ಟರೆ ಬಿಸಿ ತಾಗಿತು.

ಜಾನ್ ಬೀ ಬಂದು ಮೂಸಿ ನೋಡಿ ಗೋಡೆಗೆ ಒರಗಿ ಕೂತುಬಿಟ್ಟಳು. "ಇದು ಅಂಗಡೀದಲ್ಲ ಕಣೇ. ಪಾತ್ರೆಯಿಂದ ಇಳಿಸಿದ್ದು. ಮೊದಲ್ನೇದು" ಅಂದಳು. ಆಮೇಲೆ, "ಮಡಿಲು ಹಿಡಿ" ಅಂದಳು.

ಆ ಸಕ್ಕರೆ ಈಗಲೂ ಸಿ ಲೈನಿನ ಹದಿನಾಲ್ಕನೇ ಮನೆಯಲ್ಲಿ, ಅಡುಗೆಮನೆಯ ಗೂಡಿನಲ್ಲಿ ಇದೆ. ಮಲ್ಲಿಗಮ್ಮ ಅದನ್ನು ಯಾರಿಗೂ ಕೊಡುವುದಿಲ್ಲ. ಒಂದು ದಿನ ಕಾಫಿಗೆ ಸಕ್ಕರೆ ಮುಗಿದಿತ್ತು ಅಂತ ಸಿದ್ದರಾಜು ಕೈ ಹಾಕಲು ಹೋದರೆ ಕೈಗೆ ಹೊಡೆದಳು. "ಮುಟ್ಟಬ್ಯಾಡ. ಅದು ನಂಗೆ ಕೊಟ್ಟಿರೋದು" ಅಂದಳು. ಯಾರು ಕೊಟ್ಟರು ಅಂತ ಅವನೂ ಕೇಳಲಿಲ್ಲ. ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿ, ಹೊರಗೆ ಹೋಗಿ ಬೀಡಿ ಹಚ್ಚಿದನಂತೆ.

ನಂಬುವವರು ನಂಬಲಿ. ಹೋದ ಬೇಸಿಗೆಯಲ್ಲಿ ನಾನೇ ಅಲ್ಲಿಗೆ ಹೋಗಿ ಎರಡು ರಾತ್ರಿ ಇದ್ದು ಬಂದೆ. ಆ ಡಬ್ಬಿಗೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಒಂದು ಬೆರಳು ಸಂದಿ ಇದೆ. ಗೂಡಿನ ಮೇಲೆ ಇರುವೆ ಸಾಲು, ಕೆಳಗೆ ಇರುವೆ ಸಾಲು. ಹಾಲಿಗೆ ಬಂದವು, ಬೆಲ್ಲಕ್ಕೆ ಬಂದವು, ನನ್ನ ಮಾತ್ರೆ ಡಬ್ಬಿಗೂ ಬಂದವು.

ಆ ಸಕ್ಕರೆಗೆ ಒಂದೂ ಬರಲಿಲ್ಲ.